ಅಗಲಕ್ಕೆ ಬೇಲಿ, ದಪ್ಪಕ್ಕೆ ಬಯಲು

1771ರ ಸೆಪ್ಟೆಂಬರ್ ತಿಂಗಳು. ಇಂಗ್ಲೆಂಡಿನ ಲೇಲಮ್ ಬರ್ವೇ ಎಂಬಲ್ಲಿ ಚರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ನಡುವೆ ಪಂದ್ಯ. ಚರ್ಟ್ಸಿ ಪರ ಆಡಲು ಬಂದ ಥಾಮಸ್ ವೈಟ್ ಎಂಬಾತನ ಕೈಯಲ್ಲಿದ್ದ ಬ್ಯಾಟು ಹೆಚ್ಚುಕಡಿಮೆ ವಿಕೆಟ್ಟಿನಷ್ಟೇ ಅಗಲ. ಬಾಗಿಲಿಗೆ ಅಗಳಿ ಹಾಕಿ ನಿಂತವನ ಎದುರು ಬೌಲರ್ ಏನು ತಾನೇ ಮಾಡಿಯಾನು? ಆ ಪಂದ್ಯವನ್ನು ಹ್ಯಾಂಬಲ್ಡನ್ ಒಂದೇ ಒಂದು ರನ್ನಿನಿಂದ ಗೆದ್ದುಕೊಂಡಿತು. ಗೆದ್ದರೂ ಅವರ ಸಿಟ್ಟು ಇಳಿಯಲಿಲ್ಲ. ತಂಡದ ನಾಯಕ ರಿಚರ್ಡ್ ನೈರನ್, ವೇಗದ ಬೌಲರ್ ಥಾಮಸ್ ಬ್ರೆಟ್ ಮತ್ತು ದಾಂಡಿಗ ಜಾನ್ ಸ್ಮಾಲ್ ಒಂದು ಚೀಟಿ ಬರೆದು ಸಹಿ ಹಾಕಿದರು: ಇನ್ನು ಮುಂದೆ ಬ್ಯಾಟಿನ ಅಗಲ 4¼ ಇಂಚು ಮೀರಕೂಡದು. 1774ರ ನಿಯಮಾವಳಿಯಲ್ಲಿ ಅದೇ ಅಳತೆ ಸೇರಿತು. ಇವತ್ತಿಗೂ ಅಷ್ಟೇ. ಮಿಲಿಮೀಟರಿನಲ್ಲಿ ಹೇಳಿದರೆ 108.

ಉದ್ದಕ್ಕೆ 38 ಇಂಚಿನ ಮಿತಿ ಬಿದ್ದದ್ದು 1835ರಲ್ಲಿ. ದಪ್ಪದ ವಿಚಾರಕ್ಕೆ ಮಾತ್ರ ಯಾರೂ ಹೋಗಲಿಲ್ಲ, 2017ರ ತನಕ. ಈ ಎರಡೂವರೆ ಶತಮಾನದಲ್ಲಿ ಬ್ಯಾಟಿನ ಮೇಲೆ ನಡೆದ ಜಾಣತನವೆಲ್ಲ ನಿಯಮ ಕಣ್ಣು ಹಾಯಿಸದೇ ಬಿಟ್ಟ ಬೆನ್ನಿನಲ್ಲಿ, ಹಿಡಿಯಲ್ಲಿ ಮತ್ತು ಮರದ ಒಳಗಿನ ತೇವದಲ್ಲಿ ನಡೆದದ್ದು.

ವೈಟ್‌ಗಿಂತ ಹಿಂದಿನ ಕಾಲದ ಬ್ಯಾಟು ಈಗಿನವರ ಕಣ್ಣಿಗೆ ಹಾಕಿ ಸ್ಟಿಕ್ಕಿನಂತೆ ಕಂಡೀತು. ಲಂಡನ್ನಿನ ಓವಲ್ ಮೈದಾನದಲ್ಲಿ 1729ರ ಬ್ಯಾಟೊಂದನ್ನು ಇಟ್ಟಿದ್ದಾರೆ. ಉಳಿದುಬಂದಿರುವ ಬ್ಯಾಟುಗಳಲ್ಲಿ ಅದೇ ಅತಿ ಹಳೆಯದೆಂದು ಹೆಸರಾಗಿದೆ. ಆಗ ಬೌಲರ್‌ಗಳು ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದರು. ಉರುಳಿ ಬರುವ ಚೆಂಡನ್ನು ಬಾಚಿ ಹೊಡೆಯಲು ತುದಿ ಬಾಗಿದ ಕೋಲೇ ಸರಿ. 1760ರ ದಶಕದ ಹೊತ್ತಿಗೆ ಬೌಲರ್‌ಗಳು ಕೈ ಕೆಳಗಿನಿಂದಲೇ ಎಸೆದರೂ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಪುಟಿಸತೊಡಗಿದರು. ಬಾಗಿದ ಕೋಲು ಕೆಲಸಕ್ಕೆ ಬಾರದಾಯಿತು. ನೇರ ಬ್ಯಾಟನ್ನು ರೂಢಿಗೆ ತಂದ ಶ್ರೇಯ ಸಿಗುವುದು ಆ ಚೀಟಿಗೆ ಸಹಿ ಹಾಕಿದ ಜಾನ್ ಸ್ಮಾಲ್‌ಗೆ. ಆತ ಪೀಟರ್ಸ್‌ಫೀಲ್ಡ್ ಊರಿನಲ್ಲಿ ಬ್ಯಾಟು, ಚೆಂಡು ಎರಡನ್ನೂ ಮಾಡಿ ಮಾರುತ್ತಿದ್ದವನು. ನಿಯಮಕ್ಕೆ ಸಹಿ ಹಾಕಿದವನೇ ನಿಯಮಕ್ಕೆ ಒಪ್ಪುವ ಸರಕನ್ನೂ ಮಾರಿದ. ವ್ಯಾಪಾರ ಗೊತ್ತಿದ್ದ ಮನುಷ್ಯ!

 

ನೇರವಾದ ಬ್ಯಾಟಿನ ಮುಂದಿನ ತೊಂದರೆ ಹಿಡಿಯದು. ಮೊದಮೊದಲು ಹಿಡಿಯೂ ಅಲಗೂ ಸೇರಿ ಒಂದೇ ಮರದ ತುಂಡು. ಬಿರುಸಿನ ಚೆಂಡು ಬಡಿದರೆ ಅಂಗೈಯಿಂದ ಮೊಣಕೈವರೆಗೆ ಝುಮ್ಮೆನ್ನುತ್ತಿತ್ತು. ಚೆಂಡಿಗೆ ಬ್ಯಾಟು ತಾಗಿದಾಗ ಮರ ಬಿಲ್ಲಿನ ಹಾಗೆ ಬಾಗಿ ನಡುಗುತ್ತದೆ. ಆ ನಡುಕವನ್ನು ಅರಗಿಸಿಕೊಳ್ಳುವ ಏನಾದರೊಂದು ನಡುವೆ ಬೇಕಿತ್ತು. 1850ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಆಟಗಾರ ಥಾಮಸ್ ನಿಕ್ಸನ್ ಹಿಡಿಗೆ ಬೆತ್ತ ಬಳಸಿದ. 1880ರ ದಶಕದಲ್ಲಿ ಚಾರ್ಲ್ಸ್ ರಿಚರ್ಡ್‌ಸನ್ ಬಂದ. ಹೆಸರಾಂತ ಎಂಜಿನಿಯರ್ ಬ್ರುನೆಲ್‌ನ ಶಿಷ್ಯನಾಗಿದ್ದ ಆತ ಸೆವರ್ನ್ ನದಿಯ ಅಡಿಯ ರೈಲು ಸುರಂಗದ ಎಂಜಿನಿಯರ್. ಬೆತ್ತದ ಹಿಡಿಯನ್ನು ಬೆಣೆಯ ಹಾಗೆ ಚೂಪಾಗಿಸಿ, ಅಲಗಿನ ಭುಜದಲ್ಲಿ ಅದೇ ಆಕಾರದ ಕಚ್ಚು ಕೊರೆದು, ಅಂಟು ಹಾಕಿ ಕೂರಿಸುವ ಜೋಡಣೆ ಅವನದು. ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಡುವ ಪದ್ಧತಿಯೂ ಕೂಡಿಕೊಂಡಿತು. ಈಗಿನ ದುಬಾರಿ ಬ್ಯಾಟನ್ನು ಬಿಚ್ಚಿದರೂ ಒಳಗೆ ಕಾಣುವುದು ಆ ಸುರಂಗದ ಎಂಜಿನಿಯರ್‌ನ ಬೆಣೆಯೇ. ಕ್ರಿಕೆಟ್ ಇತಿಹಾಸದಲ್ಲಿ ರಿಚರ್ಡ್‌ಸನ್‌ಗೆ ಸಿಕ್ಕ ಜಾಗ ತೀರಾ ಸಣ್ಣದಾಯಿತು.

ಅಲಗಿಗೆ ವಿಲೋ ಮರವೇ ಯಾಕೆ? ಗಟ್ಟಿ ಮರ ಬೇಕೆಂದಿದ್ದರೆ ಬೇರೆ ಎಷ್ಟೋ ಇದ್ದವು. ವಿಲೋ ನಿಜಕ್ಕೂ ಮೆತ್ತಗಿನ ಮರ, ಉಗುರಿನಲ್ಲಿ ಒತ್ತಿದರೂ ಗುರುತು ಬೀಳುತ್ತದೆ. ಆದರೆ ಅದು ಹಗುರ, ನಾರು ಗಟ್ಟಿ, ಸೀಳು ಬಿಡುವುದು ಕಡಿಮೆ. ಅದನ್ನು ಯಂತ್ರದ ಉರುಳೆಯ ಕೆಳಗೆ ಹಾಕಿ ಒತ್ತಿದರೆ ಮೇಲ್ಮೈ ಬಿಗಿಯಾಗುತ್ತದೆ, ಒಳಗಿನ ಮರ ಮೆತ್ತಗೇ ಉಳಿಯುತ್ತದೆ. ಚೆಂಡನ್ನು ಚಿಮ್ಮಿಸುವುದು ಈ ಎರಡರ ಹದ. ಒತ್ತಡ ಕಡಿಮೆಯಾದರೆ ನಾಲ್ಕು ಓವರಿನಲ್ಲಿ ಮುಖ ತಗ್ಗುಬೀಳುತ್ತದೆ. ಹೆಚ್ಚಾದರೆ ಹಲಗೆಗೆ ಹೊಡೆದ ಹಾಗೆ ಚೆಂಡು ಸತ್ತು ಬೀಳುತ್ತದೆ. ಒಂದೇ ಮರದಿಂದ ಸೀಳಿದ ಎರಡು ತುಂಡುಗಳಿಗೂ ಬೇರೆಬೇರೆ ಒತ್ತಡ ಬೇಕಾಗಬಹುದು. ಆದ್ದರಿಂದಲೇ ಎಷ್ಟೇ ಯಂತ್ರ ಬಂದರೂ ಬ್ಯಾಟಿನ ಕಾರ್ಖಾನೆಯಲ್ಲಿ ಹಳೆಯ ಕೈಗಳಿಗೆ ಮರ್ಯಾದೆ ಹೋಗಿಲ್ಲ.

ಈ ಮರ ಕಡಿಯುವಷ್ಟು ಬಲಿಯಲು ಹದಿನೈದರಿಂದ ಇಪ್ಪತ್ತು ವರ್ಷ ಬೇಕು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಜೆ.ಎಸ್. ರೈಟ್ ಅಂಡ್ ಸನ್ಸ್ ಸಂಸ್ಥೆ 1894ರಿಂದ ವಿಲೋ ಬೆಳೆಸಿ, ಸೀಳಿ, ಒಣಗಿಸಿ ಮಾರುತ್ತಿದೆ. ಅಲ್ಲಿಂದ ಹೊರಡುವ ಸೀಳುಗಳಲ್ಲಿ ದೊಡ್ಡ ಪಾಲು ಬಂದಿಳಿಯುವುದು ಭಾರತಕ್ಕೆ.

ಭಾರತದ ಬ್ಯಾಟಿನ ಕಸುಬಿಗೆ ದೇಶವಿಭಜನೆಯ ಗಾಯವೂ ಇದೆ. 1947ರವರೆಗೆ ಈ ಭಾಗದ ಕ್ರೀಡಾ ಸಾಮಗ್ರಿಯ ರಾಜಧಾನಿ ಸಿಯಾಲ್‌ಕೋಟ್. ಗಡಿ ಎಳೆದಾಗ ಅಲ್ಲಿನ ಹಿಂದೂ, ಸಿಖ್ ಕಸುಬುದಾರರು ಅಂಗಡಿ ಬಿಟ್ಟು ಬಂದು ಜಲಂಧರ್ ಮತ್ತು ಮೀರತ್‌ಗಳಲ್ಲಿ ಮತ್ತೆ ಉಳಿ ಹಿಡಿದರು. ಸುನಿಲ್ ಗಾವಸ್ಕರ್ ಹೆಸರಿನೊಂದಿಗೆ ಮನೆಮಾತಾದ ಎಸ್‌ಜಿ ಕಂಪನಿಯ ಮೂಲವೂ 1931ರ ಸಿಯಾಲ್‌ಕೋಟ್, ಕೊನೆಗೆ ನೆಲೆ ಕಂಡದ್ದು ಮೀರತ್‌ನಲ್ಲಿ. ಸಿಯಾಲ್‌ಕೋಟ್‌ನಲ್ಲಿ ಉಳಿದವರು ಪಾಕಿಸ್ತಾನದ ಬ್ಯಾಟು ಮಾಡಿದರು. ಎರಡು ದೇಶಗಳ ಪಂದ್ಯ ನಡೆದಾಗ ಎರಡೂ ಕಡೆಯ ದಾಂಡಿಗರ ಕೈಯಲ್ಲಿದ್ದದ್ದು ಒಂದೇ ಊರಿನ ಕಸುಬು.

ಹಳೆಯ ಬ್ಯಾಟಿಗೂ ಹೊಸ ಬ್ಯಾಟಿಗೂ ಇರುವ ವ್ಯತ್ಯಾಸವನ್ನು ಬಹಳ ಮಂದಿ ತೂಕದಲ್ಲಿ ಹುಡುಕುತ್ತಾರೆ. ತೂಕದ ಲೆಕ್ಕ ಅಷ್ಟು ನೇರವಲ್ಲ. 1930ರಲ್ಲಿ ಲೀಡ್ಸ್‌ನಲ್ಲಿ 334 ಬಾರಿಸಿದ ಡಾನ್ ಬ್ರಾಡ್‌ಮನ್ ಆಡುತ್ತಿದ್ದದ್ದು ಸುಮಾರು ಒಂದು ಕಿಲೋ ತೂಗುವ ಬ್ಯಾಟಿನಲ್ಲಿ. ಅದೇ ಕಾಲದ ಬಿಲ್ ಪೋನ್ಸ್‌ಫರ್ಡ್ ಭಾರದ ಬ್ಯಾಟಿನವನೆಂದೇ ಪ್ರಸಿದ್ಧ. 1970ರ ದಶಕದಲ್ಲಿ ಕ್ಲೈವ್ ಲಾಯ್ಡ್ ಮೂರು ಪೌಂಡಿನ ಬ್ಯಾಟಿಗೆ ಒಂದರ ಮೇಲೊಂದು ಗ್ರಿಪ್ ಏರಿಸಿ ಬೀಸುತ್ತಿದ್ದರು. ಕುಳ್ಳ ಮೈಕಟ್ಟಿನ ಸಚಿನ್ ತೆಂಡೂಲ್ಕರ್ ಸುಮಾರು 1.4 ಕಿಲೋ ಬ್ಯಾಟು ಎತ್ತಿಕೊಂಡೇ ಬಹುಕಾಲ ಆಡಿದರು. ಈಗಿನ ಅನೇಕರ ಬ್ಯಾಟು ಅದಕ್ಕಿಂತ ಹಗುರ, ಆದರೆ ನೋಡಲು ದುಪ್ಪಟ್ಟು.

ತಕ್ಕಡಿಯ ತೂಕ ಬೇರೆ, ಕೈಗೆ ಸಿಗುವ ತೂಕ ಬೇರೆ. ಆಟಗಾರರು ಇದಕ್ಕೆ ಪಿಕಪ್ ಅನ್ನುತ್ತಾರೆ. ಕ್ರೀಡಾ ಸಾಮಗ್ರಿಯ ಅಂಗಡಿಗೆ ಬಂದ ಹುಡುಗ ಬ್ಯಾಟನ್ನು ಮೊದಲು ಮೇಲಿನ ಕೈಯೊಂದರಲ್ಲೇ ಎತ್ತಿ ನೋಡುತ್ತಾನೆ, ಮಣಿಕಟ್ಟು ತಿರುಗಿಸುತ್ತಾನೆ, ಆಮೇಲೆ ಮರದ ಸುತ್ತಿಗೆ ಕೇಳಿ ಪಡೆದು ತುದಿಯಿಂದ ಮೇಲಕ್ಕೆ ಬೆರಳಗಲ ಬಿಟ್ಟು ಬಿಟ್ಟು ತಟ್ಟುತ್ತಾನೆ. ಎಲ್ಲಿ ಸುತ್ತಿಗೆ ತಾನಾಗಿ ಪುಟಿದು ಹಿಂದೆ ಬರುತ್ತದೋ, ಎಲ್ಲಿ ಕೈಗೆ ನಡುಕ ಸಿಗುವುದಿಲ್ಲವೋ, ಅದು ಬ್ಯಾಟಿನ ಮಿಡಲ್. ಒಂದೇ ತೂಕದ ಎರಡು ಬ್ಯಾಟುಗಳಲ್ಲಿ ಮರದ ಉಬ್ಬು ತುದಿಯ ಕಡೆ ಇದ್ದರೆ ಬ್ಯಾಟು ಭಾರ ಅನ್ನಿಸುತ್ತದೆ, ಬೀಸಿದರೆ ಏಟು ದೊಡ್ಡದು. ಉಬ್ಬು ಮೇಲಿದ್ದರೆ ಕೈಗೆ ಹಗುರ. ಕಟ್, ಪುಲ್ ಹೊಡೆಯುವವರಿಗೆ ಅದೇ ಇಷ್ಟ. ಚೆಂಡು ಮೊಣಕಾಲ ಮಟ್ಟದಲ್ಲೇ ಬರುವ ನಮ್ಮ ಪಿಚ್‌ಗಳಿಗೆ ಕೆಳಗಿನ ಮಿಡಲ್, ಚೆಂಡು ಎದೆಗೆ ಏಳುವ ಆಸ್ಟ್ರೇಲಿಯಾಕ್ಕೆ ಮೇಲಿನ ಮಿಡಲ್ ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಅಲಗಿನ ಮೇಲೆ ಕಾಣುವ ಮರದ ಗೆರೆಗಳನ್ನು, ಅಂದರೆ ಗ್ರೇನ್ ಎಣಿಸಿ ಬೆಲೆ ಕಟ್ಟುವ ಚಾಳಿಗಿಂತ ಈ ಸುತ್ತಿಗೆಯ ಪರೀಕ್ಷೆ ಎಷ್ಟೋ ಮೇಲು. ಗ್ರೇನ್ ಕಣ್ಣಿಗೆ ಚೆಂದ, ಅಷ್ಟೇ.

ಮರವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಮೊದಲ ದಿಟ್ಟ ಉತ್ತರ 1974ರಲ್ಲಿ ಗ್ರೇ ನಿಕೋಲ್ಸ್ ತಂದ ಸ್ಕೂಪ್. ಬೆನ್ನಿನ ನಡುವಿನ ಮರವನ್ನು ಸವುಟಿನಲ್ಲಿ ತೋಡಿದಂತೆ ತೆಗೆದು ಅಂಚುಗಳಿಗೆ ತೂಕ ಕೊಟ್ಟ ಬ್ಯಾಟು ಅದು. ಗಾಲ್ಫ್ ಕೋಲಿನಿಂದ ಎತ್ತಿಕೊಂಡ ಉಪಾಯ. ನಡುವಿನಿಂದ ಸ್ವಲ್ಪ ಆಚೀಚೆ ತಾಗಿದರೂ ಬ್ಯಾಟು ಕೈಯಲ್ಲಿ ತಿರುಚಿಕೊಳ್ಳಬಾರದು ಎಂಬುದು ಉದ್ದೇಶ. ಬೆನ್ನಿನ ಮರವನ್ನೇ ತೆಗೆದರೆ ಏಟಿಗೆ ಬಲವೆಲ್ಲಿ ಎಂದು ಮೂಗು ಮುರಿಯುವಂಥ ಆಕಾರವೇ. ಬ್ರಯಾನ್ ಲಾರಾ 1994ರಲ್ಲಿ ಆಂಟಿಗುವಾದಲ್ಲಿ 375 ಹೊಡೆದದ್ದು ಅದರ ಮುಂದಿನ ಪೀಳಿಗೆಯ ಸ್ಕೂಪಿನಿಂದಲೇ.

ಎಲ್ಲ ಪ್ರಯೋಗಗಳೂ ಹೀಗೆ ದಡ ಸೇರಲಿಲ್ಲ. 1979ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ ಇಂಗ್ಲೆಂಡ್ ಎದುರಿನ ಟೆಸ್ಟ್‌ಗೆ ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದರು. ಹೆಸರು ಕಾಂಬ್ಯಾಟ್. ಬ್ಯಾಟು ಮರದ್ದೇ ಆಗಿರಬೇಕೆಂದು ಆಗಿನ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಇಂಗ್ಲೆಂಡಿನ ಬೌಲರ್ ಬಾಥಮ್ ಎಸೆತವನ್ನು ನೇರಕ್ಕೆ ಹೊಡೆದಾಗ ಡಬ್ಬ ಬಡಿದಂತೆ ಸದ್ದಾಯಿತು, ಚೆಂಡು ಬೌಂಡರಿ ಮುಟ್ಟದೆ ಮೂರು ರನ್ ಬಂತು. ಚೆಂಡು ಹಾಳಾಗುತ್ತಿದೆ ಎಂದು ಇಂಗ್ಲೆಂಡಿನ ನಾಯಕ ಮೈಕ್ ಬ್ರೇರ್ಲಿ ತಕರಾರು ತೆಗೆದರು. ಸ್ವತಃ ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ಮರದ ಬ್ಯಾಟಾಗಿದ್ದರೆ ಅದು ನಾಲ್ಕಾಗುತ್ತಿತ್ತು ಎಂದುಕೊಂಡು ರಾಡ್ನಿ ಹಾಗ್ ಕೈಯಲ್ಲಿ ಬೇರೆ ಬ್ಯಾಟು ಕಳಿಸಿದರು. ವಾದ ಜೋರಾಗಿ, ಕೊನೆಗೆ ಲಿಲ್ಲಿ ಆ ಲೋಹದ ಬ್ಯಾಟನ್ನು ದೂರ ಎಸೆದರು. ಅಲಗು ಮರದ್ದೇ ಇರಬೇಕೆಂಬ ನಿಯಮ ಬಂದದ್ದು ಆ ರಾದ್ಧಾಂತದ ಬೆನ್ನಿಗೆ. 2005ರ ಸುಮಾರಿಗೆ ರಿಕಿ ಪಾಂಟಿಂಗ್ ಬ್ಯಾಟಿನ ಬೆನ್ನಿಗೆ ಅಂಟಿಸಿದ್ದ ಗ್ರಾಫೈಟ್ ಪಟ್ಟಿಯನ್ನೂ ಕ್ರಿಕೆಟ್ ನಿಯಮ ಬರೆಯುವ ಸಂಸ್ಥೆ ಎಂಸಿಸಿ ಒಪ್ಪಲಿಲ್ಲ.

2010ರ ಐಪಿಎಲ್‌ನಲ್ಲಿ ಮ್ಯಾಥ್ಯೂ ಹೇಡನ್ ಹಿಡಿದ ಮಂಗೂಸ್ ಬ್ಯಾಟು ಮಾತ್ರ ನಿಯಮದ ಒಳಗೇ ಇತ್ತು. ಉದ್ದ ಹಿಡಿ, ಮೊಟಕು ಅಲಗು. ಬೆಣೆಯ ಜೋಡಣೆಯನ್ನು ಹಿಡಿಯೊಳಕ್ಕೆ ಸರಿಸಿ, ಆ ಜಾಗದಲ್ಲಿ ಉಳಿದ ಮರವನ್ನೆಲ್ಲ ಕೆಳಗೆ ತುಂಬಿದ್ದರು. ದೆಹಲಿ ವಿರುದ್ಧ ಹೇಡನ್ 43 ಎಸೆತಗಳಲ್ಲಿ 93 ಚಚ್ಚಿದರು. ಆದರೂ ಅದು ಬೇರೂರಲಿಲ್ಲ. ಮೈಮೇಲೆ ಬರುವ ಚೆಂಡನ್ನು ತಡೆಯಲು ಮೇಲ್ಗಡೆ ಮರವೇ ಇಲ್ಲದ ಬ್ಯಾಟಿನಲ್ಲಿ ಇಡೀ ಇನಿಂಗ್ಸ್ ಆಡುವುದು ಯಾರಿಗೆ ಬೇಕು?

ನಿಜವಾದ ಕ್ರಾಂತಿ ನಡೆದದ್ದು ಸದ್ದಿಲ್ಲದೆ, ಒಣಗಿಸುವ ಕೋಣೆಯಲ್ಲಿ. ಮರದ ತೇವ ಇಳಿದಷ್ಟೂ ತೂಕ ಇಳಿಯುತ್ತದೆ. ತೂಕ ಇಳಿದರೆ ಅದೇ ತಕ್ಕಡಿಯಲ್ಲಿ ಇನ್ನಷ್ಟು ಮರ ತೂಗಿಕೊಳ್ಳಬಹುದು. ಹೀಗೆ ಬೆನ್ನು ಉಬ್ಬಿತು, ಅಂಚು ಕೊಬ್ಬಿತು. 1970ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಒಂದೇ ದಿನ 325 ರನ್ ಹೊಡೆದ ದಕ್ಷಿಣ ಆಫ್ರಿಕಾದ ಬ್ಯಾರಿ ರಿಚರ್ಡ್ಸ್, ದಶಕಗಳ ಬಳಿಕ ಆ ಬ್ಯಾಟನ್ನು ಡೇವಿಡ್ ವಾರ್ನರ್ ಬ್ಯಾಟಿನ ಪಕ್ಕ ಹಿಡಿದು ನಿಂತ ಚಿತ್ರ ಜಗತ್ತೆಲ್ಲ ಓಡಾಡಿತು. ಒಂದರ ಅಂಚು ಬಾಗಿಲ ಹಲಗೆಯಷ್ಟು ತೆಳ್ಳಗೆ, ಇನ್ನೊಂದರ ಅಂಚನ್ನೇ ಮುಖವೆಂದು ತಿಳಿಯಬಹುದು. ವಾರ್ನರ್ ಬ್ಯಾಟಿನ ಗರಿಷ್ಠ ದಪ್ಪ 85 ಮಿ.ಮೀ. ಆಸುಪಾಸು ಎಂದು ಆಗ ವರದಿಯಾಗಿತ್ತು. ಅಂಚಿಗೆ ತಾಗಿ ಸ್ಲಿಪ್‌ನವರ ಕೈಗೆ ಹೋಗಬೇಕಾದ ಚೆಂಡು ತಲೆಯ ಮೇಲಿಂದ ಸಿಕ್ಸರ್ ಆದರೆ ಬೌಲರ್ ಯಾರಿಗೆ ದೂರು ಹೇಳಬೇಕು? 2017ರ ಅಕ್ಟೋಬರ್‌ನಿಂದ ಎಂಸಿಸಿ ಅಂಚಿಗೆ 40 ಮಿ.ಮೀ., ಒಟ್ಟು ದಪ್ಪಕ್ಕೆ 67 ಮಿ.ಮೀ. ಮಿತಿ ಹಾಕಿತು. ಅಂಪೈರ್‌ಗಳ ಕೈಗೆ ಗೇಜ್ ಬಂತು. ಬ್ಯಾಟು ಅದರೊಳಗೆ ತೂರಿ ಹೋದರೆ ಸರಿ. ಅತಿಯಾಗಿ ಒಣಗಿದ ಮರಕ್ಕೆ ಆಯಸ್ಸು ಕಡಿಮೆ, ಬೇಗ ಬಿರುಕು ಬಿಡುತ್ತದೆ. ಪ್ರಾಯೋಜಕರು ಪುಕ್ಕಟೆ ಕೊಡುವ ದೊಡ್ಡ ಆಟಗಾರರಿಗೆ ಅದರ ಚಿಂತೆಯಿಲ್ಲ, ದುಡ್ಡು ಕೊಟ್ಟು ಕೊಳ್ಳುವ ಕ್ಲಬ್ ಹುಡುಗನಿಗೆ ಇದೆ.

ಅಂಥ ಹುಡುಗರ ಪಾಲಿಗೆ ಕ್ರಿಕೆಟ್ ಶುರುವಾಗುವುದೇ ಬೇರೆ ಮರದಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ಮೊದಲ ಬ್ಯಾಟು ತೆಂಗಿನ ಮಟ್ಟೆಯದು, ಮಚ್ಚಿನಲ್ಲಿ ಎರಡು ಏಟು ಹಾಕಿ ಹಿಡಿ ಬಿಡಿಸಿದರೆ ಮುಗಿಯಿತು. ಆಮೇಲಿನದು ಕಾಶ್ಮೀರ ವಿಲೋ. ಕರಾವಳಿಯ ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲೂ ಅದರದೇ ದರ್ಬಾರು. ಕಾಶ್ಮೀರದ ಸಂಗಮ್, ಹಲ್‌ಮುಲ್ಲಾ ಸುತ್ತ ಹೆದ್ದಾರಿಯುದ್ದಕ್ಕೂ ವಿಲೋ ಸೀಳುಗಳನ್ನು ಗೋಪುರದಂತೆ ಒಟ್ಟಿ ಗಾಳಿಗೆ ಒಣಗಲು ಬಿಟ್ಟಿರುತ್ತಾರೆ. ಇಂಗ್ಲಿಷ್ ವಿಲೋಗಿಂತ ಇದು ತುಸು ಭಾರ, ಬಣ್ಣ ಕಂದು, ಚಿಮ್ಮು ಕಡಿಮೆ, ಬೆಲೆಯಂತೂ ಎಷ್ಟೋ ಪಾಲು ಅಗ್ಗ. ಬಹುಕಾಲ ಇದನ್ನು ಕಲಿಯುವವರ ಮರವೆಂದು ಬದಿಗಿಟ್ಟಿದ್ದರು. 2021ರ ಟಿ20 ವಿಶ್ವಕಪ್‌ನಲ್ಲಿ ಒಮಾನ್ ಆಟಗಾರರು ಕಾಶ್ಮೀರದ ಬ್ಯಾಟಿನಲ್ಲಿ ಆಡಿ ಆ ಮಾತಿಗೆ ಸಣ್ಣ ಪೆಟ್ಟು ಕೊಟ್ಟರು.

ಅದೇ 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ದರ್ಶಿಲ್ ಶಾ ಮತ್ತು ಬೆನ್ ಟಿಂಕ್ಲರ್-ಡೇವಿಸ್ ಬಿದಿರಿನ ಪಟ್ಟಿಗಳನ್ನು ಅಂಟಿಸಿ ಒಂದು ಬ್ಯಾಟು ಮಾಡಿದರು. ವಿಲೋಗಿಂತ ಬಿಗಿ, ಗಟ್ಟಿ. ಮಿಡಲ್ ಇನ್ನಷ್ಟು ಅಗಲ, ತುದಿಗೆ ಇನ್ನಷ್ಟು ಹತ್ತಿರ. ಅಂದರೆ ಯಾರ್ಕರ್ ಬಂದರೂ ಬೌಂಡರಿಯ ಆಸೆ ಇಟ್ಟುಕೊಳ್ಳಬಹುದು. ಬಿದಿರು ಬಲಿಯಲು ವಿಲೋಗೆ ಬೇಕಾಗುವ ಅರ್ಧ ಕಾಲವೂ ಬೇಡ, ಹೀಗಾಗಿ ಬೆಲೆ ಇಳಿಯಬಹುದೆಂಬುದು ಅವರ ವಾದ. ಎಂಸಿಸಿ ಪುಸ್ತಕ ತೆರೆದು ನೋಡಿತು: ಅಲಗು ಮರದ್ದೇ ಇರಬೇಕು, ಬಿದಿರು ಹುಲ್ಲಿನ ಜಾತಿ. ಮರವೆಂದು ಒಪ್ಪಿಕೊಂಡರೂ ಪದರ ಅಂಟಿಸಿದ ಅಲಗಿಗೆ ಆಗ ದೊಡ್ಡವರ ಆಟದಲ್ಲಿ ಜಾಗವಿರಲಿಲ್ಲ. ಲಿಲ್ಲಿಯ ಡಬ್ಬದ ಸದ್ದಿಗಾಗಿ ಬರೆದ ಸಾಲು, ನಲವತ್ತು ವರ್ಷದ ಮೇಲೆ ಬಿದಿರಿಗೂ ಅಡ್ಡ ನಿಂತಿತು.