ಮೂಳೆಯ ದೈತ್ಯಕೋಶ ಗಡ್ಡೆ
ಉದ್ದ ಮೂಳೆಗಳ ತುದಿಯಲ್ಲಿ, ಹೆಚ್ಚಾಗಿ ಮೊಣಕಾಲಿನ ಸುತ್ತ, 20ರಿಂದ 45 ವರ್ಷದವರಲ್ಲಿ ಕಾಣಿಸಿಕೊಳ್ಳುವ ಗಡ್ಡೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದಿದ್ದರೂ ಸುತ್ತಲಿನ ಮೂಳೆಯನ್ನು ಕರಗಿಸುತ್ತದೆ; ತೆಗೆದ ಮೇಲೂ ಮರುಕಳಿಸಬಹುದು.

ಕೋಶರಚನೆ: ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಣುವುದು ಗಡ್ಡೆಯ ತುಂಬ ಸಮನಾಗಿ ಹರಡಿದ ದೈತ್ಯಕೋಶಗಳು. ಒಂದೊಂದರಲ್ಲಿ 50ಕ್ಕೂ ಹೆಚ್ಚು ಕೋಶಕೇಂದ್ರಗಳಿರಬಹುದು. ರೂಪದಲ್ಲಿ ಇವು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಹೋಲುತ್ತವೆ. ಆದರೆ ನಿಜವಾದ ಗಡ್ಡೆಕೋಶಗಳು ಇವುಗಳ ನಡುವೆ ಇರುವ, ದುಂಡಗಿನ ಅಥವಾ ಕದಿರಿನ ಆಕಾರದ, ಒಂದೇ ಕೇಂದ್ರವುಳ್ಳ ಕೋಶಗಳು. ಬಹುಪಾಲು ರೋಗಿಗಳಲ್ಲಿ ಇವುಗಳ ಎಚ್3ಎಫ್3ಎ ಜೀನ್ ಬದಲಾಗಿರುತ್ತದೆ. ಇವು ತಯಾರಿಸುವ ರ‍್ಯಾಂಕ್-ಲಿಗಂಡ್ ಪ್ರೋಟೀನಿನ ಪ್ರಚೋದನೆಯಿಂದ ಮಾನೋಸೈಟ್ ಮೂಲದ ಕೋಶಗಳು ಒಂದರೊಡನೊಂದು ಬೆಸೆದು ದೈತ್ಯಕೋಶಗಳಾಗುತ್ತವೆ. ಈ ಗಡ್ಡೆಯ ಚಿಕಿತ್ಸೆಗೆ ಬಳಸುವ ಡೆನೊಸುಮ್ಯಾಬ್ ಔಷಧ ತಡೆಯುವುದು ಈ ಪ್ರೋಟೀನನ್ನೇ. ಕೋಶವಿಭಜನೆ ಹೆಚ್ಚಿದ್ದ ಮಾತ್ರಕ್ಕೆ ಗಡ್ಡೆ ಮಾರಕವೆನ್ನಲಾಗದು. ಕೇಂದ್ರಗಳು ತೀರ ವಿಕಾರಗೊಂಡು ವಿಭಜನೆಯೂ ಅಸಹಜವಾಗಿದ್ದರೆ ಕ್ಯಾನ್ಸರಿನ ಶಂಕೆ ಮೂಡುತ್ತದೆ.