ಅಮೆರಿಕದ ವೈದ್ಯಕೀಯ ಶಾಲೆಗಳ ಪ್ರವೇಶದಲ್ಲಿ ಪಠ್ಯೇತರ ಅನುಭವ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೈದ್ಯಕೀಯ ಶಾಲೆಗೆ ಸೇರಬಯಸುವ ವಿದ್ಯಾರ್ಥಿಯು ತರಗತಿಯ ಹೊರಗೆ ಗಳಿಸಿ, ತನ್ನ ಅರ್ಜಿಯಲ್ಲಿ ದಾಖಲಿಸುವ ಸೇವೆ, ಉದ್ಯೋಗ, ಸಂಶೋಧನೆ ಮುಂತಾದವನ್ನು ಒಟ್ಟಾಗಿ ಪಠ್ಯೇತರ ಅನುಭವ ಎಂದು ಕರೆಯಲಾಗುತ್ತದೆ. ಅಲ್ಲಿ ವೈದ್ಯಕೀಯ ಶಿಕ್ಷಣವು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯ ನಂತರ ಆರಂಭವಾಗುತ್ತದೆ. ಆದುದರಿಂದ ವಿದ್ಯಾರ್ಥಿಗಳು ಈ ಅನುಭವವನ್ನು ಪದವಿಯ ಅವಧಿಯಲ್ಲಿ, ಇಲ್ಲವೇ ಪದವಿ ಮುಗಿದ ಮೇಲೆ ಒಂದೆರಡು ವರ್ಷ ಬಿಡುವು ಪಡೆದು ಸಂಪಾದಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಂ.ಡಿ. ಶಿಕ್ಷಣಕ್ಕೆ 50,000ಕ್ಕೂ ಹೆಚ್ಚು ಮಂದಿ ಅರ್ಜಿ ಸಲ್ಲಿಸುತ್ತಿದ್ದು, ಸುಮಾರು 23,000 ಮಂದಿಗೆ ಮಾತ್ರ ಸ್ಥಾನ ದೊರೆಯುತ್ತಿದೆ. ಪದವಿಯ ಅಂಕಗಳಲ್ಲಿಯೂ ಎಂಕ್ಯಾಟ್ ಪ್ರವೇಶ ಪರೀಕ್ಷೆಯಲ್ಲಿಯೂ ಸರಿಸಮಾನರಾದವರು ಅನೇಕರಿರುವಾಗ, ಆಯ್ಕೆಯನ್ನು ನಿರ್ಧರಿಸುವಲ್ಲಿ ಈ ಅನುಭವವು ಮಹತ್ವದ ಪಾತ್ರ ವಹಿಸುತ್ತದೆ.

ಅರ್ಜಿಯಲ್ಲಿ ದಾಖಲಿಸುವ ಕ್ರಮ

ಬಹುಪಾಲು ಎಂ.ಡಿ. ಶಾಲೆಗಳಿಗೆ ಅರ್ಜಿಯನ್ನು ‘ಆಮ್ಕಾಸ್’ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಸಲ್ಲಿಸಬೇಕು. ಇದನ್ನು 1876ರಲ್ಲಿ ಸ್ಥಾಪನೆಯಾದ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ನಡೆಸುತ್ತದೆ. ಇದರಲ್ಲಿ ಹೆಚ್ಚೆಂದರೆ 15 ಅನುಭವಗಳನ್ನು ನಮೂದಿಸಬಹುದು. ಪ್ರತಿಯೊಂದಕ್ಕೂ 700 ಅಕ್ಷರಗಳ ವಿವರಣೆ, ವ್ಯಯಿಸಿದ ಗಂಟೆಗಳು ಹಾಗೂ ಅದನ್ನು ದೃಢೀಕರಿಸಬಲ್ಲವರ ಹೆಸರನ್ನು ನೀಡಬೇಕು. ಅತ್ಯಂತ ಅರ್ಥಪೂರ್ಣವೆಂದು ಅರ್ಜಿದಾರನೇ ಆರಿಸುವ ಮೂರು ಅನುಭವಗಳಿಗೆ ಮಾತ್ರ ಇನ್ನೂ 1,325 ಅಕ್ಷರಗಳ ಅವಕಾಶವಿದೆ. ಹದಿನೈದನ್ನೂ ತುಂಬಲೇಬೇಕೆಂಬ ನಿಯಮವಿಲ್ಲ. ಪಟ್ಟಿಯ ಉದ್ದಕ್ಕಿಂತ, ಒಂದೇ ಕೆಲಸದಲ್ಲಿ ಎರಡು ಮೂರು ವರ್ಷ ನಿಂತು ಅದರಿಂದ ಕಲಿತದ್ದನ್ನು ಸ್ಪಷ್ಟವಾಗಿ ಹೇಳಬಲ್ಲವರ ಬರಹವೇ ಹೆಚ್ಚು ತೂಕದ್ದು. ಸಂದರ್ಶನದಲ್ಲಿ ಪ್ರಶ್ನೆಗಳು ಇದರ ಮೇಲೆಯೇ ಬರಬಹುದಾದ್ದರಿಂದ, ಗಂಟೆಗಳನ್ನು ಹಿಗ್ಗಿಸಿ ಬರೆಯುವುದು ಅಪ್ರಾಮಾಣಿಕವಷ್ಟೇ ಅಲ್ಲ, ಅವಿವೇಕವೂ ಹೌದು.

ರೋಗಿಗಳ ಸಂಪರ್ಕ

ಅನುಭವಗಳಲ್ಲಿ ಪ್ರಮುಖವಾದುದು ರೋಗಿಗಳ ನೇರ ಸಂಪರ್ಕ. ಆಂಬುಲೆನ್ಸ್ ಸಿಬ್ಬಂದಿ, ಶುಶ್ರೂಷಾ ಸಹಾಯಕ, ವೈದ್ಯರ ಪಕ್ಕದಲ್ಲಿದ್ದು ತಪಾಸಣೆಯ ವಿವರಗಳನ್ನು ಬರೆದುಕೊಳ್ಳುವ ಲಿಪಿಕಾರ, ಮರಣಾಸನ್ನರ ಆರೈಕೆ ಕೇಂದ್ರದ ಸ್ವಯಂಸೇವಕ ಇವೇ ಮೊದಲಾದ ಕೆಲಸಗಳು ಇದರಲ್ಲಿ ಸೇರುತ್ತವೆ. ಆಂಬುಲೆನ್ಸ್ ಕೆಲಸಕ್ಕೆ ನೂರಕ್ಕೂ ಹೆಚ್ಚು ಗಂಟೆಗಳ ತರಬೇತಿ ಹಾಗೂ ಪರವಾನಗಿ ಅವಶ್ಯಕ. ವೈದ್ಯರ ಬೆನ್ನ ಹಿಂದೆ ನಿಂತು ಅವರ ದಿನಚರಿಯನ್ನು ಗಮನಿಸುವ ಕ್ರಮಕ್ಕೆ ‘ಶ್ಯಾಡೋಯಿಂಗ್’ ಎಂದು ಹೆಸರು. ಇದು ಕೇವಲ ವೀಕ್ಷಣೆ. ರೋಗಿಯ ಒಪ್ಪಿಗೆಯೂ ಗೋಪ್ಯತೆಯ ಪಾಲನೆಯೂ ಇದರಲ್ಲಿ ಕಡ್ಡಾಯ. ಕಾಯಿಲೆ, ನೋವು ಮತ್ತು ಸಾವುಗಳನ್ನು ಹತ್ತಿರದಿಂದ ಕಂಡ ಮೇಲೂ ಈ ವೃತ್ತಿಯೇ ಬೇಕೆನಿಸುತ್ತದೆಯೇ ಎಂಬುದನ್ನು ವಿದ್ಯಾರ್ಥಿ ಮೊದಲು ತನಗೇ ಮನದಟ್ಟು ಮಾಡಿಕೊಳ್ಳಬೇಕೆಂಬುದು ಇವೆಲ್ಲದರ ಉದ್ದೇಶ.

ಕೆಲವರು ಹೊರದೇಶಗಳ ಆಸ್ಪತ್ರೆಗಳಿಗೆ ತೆರಳಿ, ತಮ್ಮ ದೇಶದಲ್ಲಿ ಅನುಮತಿಯಿಲ್ಲದ ಕೆಲಸಗಳನ್ನು ಅಲ್ಲಿ ಮಾಡಿ ಬರುವುದುಂಟು. ತರಬೇತಿಯಿಲ್ಲದ ಕೈ ಎಲ್ಲಿಯೇ ಇರಲಿ, ರೋಗಿಗೆ ಅಪಾಯವೇ. 2011ರಲ್ಲಿ ಸಂಘವು ಈ ಕುರಿತು ಮಾರ್ಗಸೂಚಿಯನ್ನು ಪ್ರಕಟಿಸಿತು. ಇಂತಹ ಅನುಭವವು ಅರ್ಜಿದಾರನಿಗೆ ಪ್ರತಿಕೂಲವಾಗಿಯೂ ಪರಿಣಮಿಸಬಹುದು. ರಜೆಯಲ್ಲಿ ಭಾರತಕ್ಕೆ ಬಂದು ಬಂಧುಗಳ ಆಸ್ಪತ್ರೆಯಲ್ಲಿ ಅನುಭವ ಪಡೆಯಬಯಸುವ ಅನಿವಾಸಿ ಕುಟುಂಬಗಳ ಮಕ್ಕಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಟೀಕೆ

ವೇತನವಿಲ್ಲದೆ ನೂರಾರು ಗಂಟೆ ದುಡಿಯುವುದು ಉಳ್ಳವರ ಮಕ್ಕಳಿಗೆ ಸುಲಭ. ಓದಿನ ಖರ್ಚಿಗಾಗಿ ಸಂಜೆ ಕೆಲಸಕ್ಕೆ ಹೋಗುವವರಿಗೆ ಕಷ್ಟ. ಶ್ಯಾಡೋಯಿಂಗ್‌ಗೂ ಪರಿಚಯದ ವೈದ್ಯರು ಬೇಕು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಮ್ಕಾಸ್ ಅರ್ಜಿಯಲ್ಲಿ ವೈದ್ಯಕೀಯಕ್ಕೆ ಸಂಬಂಧಿಸದ ಸಂಬಳದ ಉದ್ಯೋಗಕ್ಕೂ ಪ್ರತ್ಯೇಕ ವರ್ಗವಿದೆ ಎಂಬುದನ್ನು ಮರೆಯಬಾರದು. ಹೋಟೆಲಿನಲ್ಲಿ ಬಡಿಸಿದ್ದನ್ನೂ ಅಂಗಡಿಯಲ್ಲಿ ದುಡಿದದ್ದನ್ನೂ ಅಲ್ಲಿ ಸಂಕೋಚವಿಲ್ಲದೆ ನಮೂದಿಸಬಹುದು, ನಮೂದಿಸಬೇಕು ಕೂಡ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯು ಅರ್ಜಿದಾರರ ಸಾಮಾಜಿಕ, ಆರ್ಥಿಕ ಅನನುಕೂಲವನ್ನು 0ಯಿಂದ 99ರವರೆಗಿನ ಮಾಪನದಲ್ಲಿ ಅಳೆದು ಆಯ್ಕೆಯಲ್ಲಿ ಪರಿಗಣಿಸುತ್ತದೆ.

ಭಾರತದಲ್ಲಿ

ಭಾರತದಲ್ಲಿ ಎಂ.ಬಿ.ಬಿ.ಎಸ್. ಪ್ರವೇಶವು 720 ಅಂಕಗಳ ನೀಟ್ ಪರೀಕ್ಷೆಯ ಶ್ರೇಯಾಂಕವನ್ನು ಅವಲಂಬಿಸಿದೆ. ಪಠ್ಯೇತರ ಅನುಭವವನ್ನು ವಿವರಿಸುವ ಪ್ರಬಂಧವಾಗಲಿ ಸಂದರ್ಶನವಾಗಲಿ ಇಲ್ಲ. 2020ರಿಂದ ಏಮ್ಸ್ ಮತ್ತು ಜಿಪ್ಮರ್ ಸಂಸ್ಥೆಗಳಿಗೂ ಇದೇ ಪರೀಕ್ಷೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವೃತ್ತಿಪರ ಕೋರ್ಸುಗಳಲ್ಲಿ ಎನ್‌ಸಿಸಿ, ಕ್ರೀಡೆ ಮುಂತಾದ ವಿಶೇಷ ವರ್ಗಗಳಡಿ ಕೆಲವು ಸೀಟುಗಳನ್ನು ಹಂಚುತ್ತದೆಯಾದರೂ, ಅಲ್ಲಿ ಪ್ರಮಾಣಪತ್ರವೇ ಆಧಾರ. ಅಮೆರಿಕದ ಅನೇಕ ವೈದ್ಯಕೀಯ ಶಾಲೆಗಳು ವಿದೇಶಿ ಪ್ರಜೆಗಳ ಅರ್ಜಿಯನ್ನೇ ಸ್ವೀಕರಿಸುವುದಿಲ್ಲ. ಇಲ್ಲಿಂದ ಅರ್ಜಿ ಹಾಕಬಯಸುವವರು ಅನುಭವದ ಪಟ್ಟಿಗೆ ತೊಡಗುವ ಮುನ್ನ ಆಯಾ ಶಾಲೆಯ ನಿಯಮವನ್ನು ಪರಿಶೀಲಿಸುವುದು ಅಗತ್ಯ.