ವಿದ್ಯಾಸಾಲ: ಒಂದು ಐತಿಹಾಸಿಕ ಅವಲೋಕನ

ಉನ್ನತ ವ್ಯಾಸಂಗಕ್ಕೆ ಸಾಲ ಪಡೆಯುವ ಪದ್ಧತಿ ನಮ್ಮಲ್ಲಿ ಬ್ಯಾಂಕುಗಳಿಂದಲೇ ಮೊದಲಾಯಿತೆಂದು ಭಾವಿಸುವವರುಂಟು. ಇದು ಚರಿತ್ರೆಗೆ ಸಮ್ಮತವಲ್ಲ. 1892ರಲ್ಲಿಯೇ ಜಮ್‌ಷೆಟ್‌ಜಿ ಟಾಟಾ ಅವರು ವಿದೇಶ ವ್ಯಾಸಂಗವನ್ನು ಬಯಸುವವರಿಗಾಗಿ ದತ್ತಿನಿಧಿಯೊಂದನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗೆ ಮೀಸಲಾಗಿದ್ದ ಅದು 1894ರಿಂದ ಸಮಸ್ತ ಭಾರತೀಯರಿಗೂ ದೊರೆಯಿತು. ಅದು ನೀಡಿದುದು ದಾನವಲ್ಲ, ಸಾಲ. ಒಬ್ಬರು ಮರಳಿಸಿದ ಹಣ ಮುಂದಿನವರ ವ್ಯಾಸಂಗಕ್ಕೆ ಆಧಾರ.

ಸ್ವಾತಂತ್ರ್ಯಾನಂತರ, 1963ರಲ್ಲಿ, ಭಾರತ ಸರ್ಕಾರವು ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ಬಡ್ಡಿಯಿಲ್ಲದ ಆ ಸಾಲದಲ್ಲಿ, ಅಧ್ಯಾಪಕ ವೃತ್ತಿಯನ್ನು ಕೈಗೊಂಡವರಿಗೆ ಸೇವೆಯ ಪ್ರತಿಯೊಂದು ವರ್ಷಕ್ಕೂ ಹತ್ತನೆಯ ಒಂದಂಶ ಮನ್ನಾ ಆಗುತ್ತಿದ್ದಿತು. 2001ರಲ್ಲಿ ರೂಪುಗೊಂಡ ಬ್ಯಾಂಕು ಸಾಲದ ಮಾದರಿಯಲ್ಲಿ ಬಡ್ಡಿಯುಂಟು. ಬೋಧನೆಗೆ ಅಂತಹ ಮನ್ನಾ ಇಲ್ಲ. ವಿದ್ಯೆಯ ಋಣವನ್ನು ವಿದ್ಯಾದಾನದಿಂದಲೂ ತೀರಿಸಬಹುದೆಂಬ ತತ್ತ್ವವು ಹೀಗೆ ಮರೆಯಾದುದು ಅಧ್ಯಾಪಕರೂ ವಿದ್ಯಾರ್ಥಿಗಳೂ ಚಿಂತಿಸತಕ್ಕ ವಿಷಯ.